ಕಾಲು ಸುತ್ತು

ಸೋಮವಾರ ಹತ್ತಕ್ಕೆ ಕಡಕೊಳದಿಂದ ಬೋರಲಿಂಗ
ಟ್ರ್ಯಾಕ್ಟರ್ ತರುತ್ತಾನೆ. ಹಿಂದಿನ ದಿನ ಕಬ್ಬು ಎಳೆದದ್ದು,
ಕೊಂಡಿಯಲ್ಲಿ ಇನ್ನೂ ತರಗು ಸಿಕ್ಕಿಕೊಂಡಿರುತ್ತದೆ.
ಗೇಟಿನ ಪೊಲೀಸು ಪ್ರತಿಸಲ ಕೇಳುತ್ತಾನೆ, ಏನು ಕೆಲಸ?
ಪ್ರತಿಸಲ ಇವನು ಅನ್ನುತ್ತಾನೆ,
ಇಮಾನ ಎಳೀಬೇಕು ಸ್ವಾಮಿ.

ಎಳೆಯುವುದೆಂದರೆ ಹೆಚ್ಚೇನಿಲ್ಲ, ಕಾಲು ಸುತ್ತು.
ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ,
ಹಾಸಿಗೆ ಹಿಡಿದವರ ಬೆನ್ನಿನ ಹಾಗೆ.
ಮಗ್ಗುಲು ಬದಲಿಸುತ್ತಿರಬೇಕು.
ಕಂಪನಿಯ ಸ್ವಂತ ಗಾಡಿ ಜಪ್ತಿಯಾಗಿ ಹೋಯಿತು.
ನೆಲಕ್ಕೆ ತಾಗಿದಲ್ಲಿ ಸೀಮೆಸುಣ್ಣದ ಒಂದು ಗೀಟು ಹಾಕುತ್ತೇನೆ,
ಅದು ಹಿಂದಕ್ಕೆ ಹೊರಳಿ ಮೊಣಕಾಲ ಮಟ್ಟಕ್ಕೆ ಬಂದಾಗ
ಕೈ ಎತ್ತುತ್ತೇನೆ.
ಸಾಕು.

ಎಂಟು ತಿಂಗಳಲ್ಲಿ ದೇಶದ ವಿಮಾನ
ಮಂಡಕಳ್ಳಿಯಲ್ಲಿ ಎಪ್ಪತ್ತು ಅಡಿ ಪ್ರಯಾಣ ಮಾಡಿದೆ.
ಹಿಂಗೇ ಹೋದ್ರೆ ಡೆಲ್ಲಿ ಯಾವಾಗ ಸೇರ್ತದೆ? ಬೋರಲಿಂಗನ ಪ್ರಶ್ನೆ.
ಮೊದಲು ಬೇಲಿ ಸಿಗ್ತದೆ ಮಾರಾಯ.

ನೋಡಲು ಬಂದವರು ಮೂವರು.
ಒಬ್ಬ, ಇಂಜಿನ್ನಿನ ಮೂತಿಗೆ ಹೊದಿಸಿದ ಕೆಂಪು ಬಟ್ಟೆ ಬಿಚ್ಚಿಸಿ
ಟಾರ್ಚು ಬಿಟ್ಟ, ಎತ್ತಿನ ಹಲ್ಲು ಎಣಿಸುವವನಂತೆ.
ಅದೆರಡೇ ಸಾಕಂತೆ, ಮಿಕ್ಕದ್ದು ಗುಜರಿಗೆ.
ಇನ್ನೊಬ್ಬರು ಮದ್ದೂರಿನ ಹೋಟೆಲಿನವರು.
ಹೊಸ ರಸ್ತೆ ಬಂದು ಗಿರಾಕಿಗಳೆಲ್ಲ ಊರ ಹೊರಗೇ ಹಾರಿಹೋಗುತ್ತಾರೆ,
ಇದನ್ನು ಪಕ್ಕದಲ್ಲಿ ನಿಲ್ಲಿಸಿದರೆ ಇಳಿದಾರು ಅಂದರು.
ರೆಕ್ಕೆ ನೆರಳಲ್ಲಿ ಕಾರು, ಒಳಗೆ ತಟ್ಟೆ ಇಡ್ಲಿ.
ಸೀಟೆಷ್ಟು? ಎಪ್ಪತ್ತು.
ಟೇಬಲ್ ಹಾಕಿದರೆ?
ನನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ
ಯಾರೂ ಕೇಳದ ಪ್ರಶ್ನೆ ಅದು.
ಮೂರನೆಯವರು ಏನನ್ನೂ ಮುಟ್ಟಲಿಲ್ಲ.
ಹಾರಿಸ್ತೀರಾ ಸಾರ್? ಅಂದೆ. ನೋಡೋಣ ಅಂದರು.
ಆ ನೋಡೋಣವನ್ನು ಜೋಪಾನವಾಗಿ ಮನೆಗೆ ಒಯ್ದೆ.
ಹೆಂಡತಿ ಅದನ್ನೇ ತೋರಿಸಿ
ಚೀಟಿಯ ಎರಡು ಕಂತು ಮುಂದಕ್ಕೆ ಹಾಕಿಸಿಕೊಂಡಳು.

ಬಾಗಿಲಿಗೆ ಕೋರ್ಟಿನ ಮೊಹರು. ಒಳಗೆ,
ಹನ್ನೊಂದನೇ ಸಾಲಿನ ತಲೆಮೇಲೆ, ಒಂದು ಛತ್ರಿ ಇದೆ.
ಇಟ್ಟಿಗೆಗೂಡಿನ ವಾಚ್ ರಿಪೇರಿ ಜಬ್ಬಾರ್ ಸಾಬರದ್ದು,
ಕೊನೆಯ ಹಾರಾಟದಲ್ಲಿ ಹೈದರಾಬಾದಿನಿಂದ ಬಂದಿಳಿದು ಮರೆತದ್ದು.
ಶುಕ್ರವಾರ ನಮಾಜು ಮುಗಿಸಿ ಫೋನು ಮಾಡುತ್ತಾರೆ.
ಕೌಂಟರಿನಲ್ಲಿ ಉಳಿದಿರುವ ಫಿಲೋಮಿನಾ ಹೇಳಿದ್ದಳು,
ಬಾಕಿ ಬರಬೇಕಾದವರೆಲ್ಲ ಅರ್ಜಿ ಹಾಕ್ತಿದಾರೆ, ನೀವೂ ಹಾಕಿ.
ಹಾಕಿದರು. ಪಟ್ಟಿ ಬಂತು.
ಬ್ಯಾಂಕುಗಳು, ಎಣ್ಣೆ ಕಂಪನಿ, ಟೈರಿನವರು,
ಎಷ್ಟೋ ಪುಟ ದಾಟಿ ನನ್ನ ಐದು ತಿಂಗಳ ಸಂಬಳ,
(ಬೋರಲಿಂಗ ಇಲ್ಲ, ಅವನು ಕೈಗೆ ಕಾಸು ಬಿದ್ದರೇ ಚಾವಿ ತಿರುಗಿಸುವವನು)
ಕಟ್ಟಕಡೆಗೆ:
ಛತ್ರಿ ಒಂದು, ಕಪ್ಪು, ಹಿಡಿ ಮುರಿದು ಅಂಟಿಸಿದ್ದು.
ಮೌಲ್ಯ ಪರಿಶೀಲನೆಯಲ್ಲಿದೆ.
ಮಳೆಗಾಲ ಬಂತಲ್ಲಮ್ಮ, ಅಂದರಂತೆ ಸಾಬರು.
ಅಷ್ಟೇ. ಜಗಳವಿಲ್ಲ. ನಿಂತ ಗಡಿಯಾರಗಳ ಜೊತೆ
ಕೂತು ಬಂದ ಮನುಷ್ಯ.

ಬಾಲದ ಮೇಲೆ ಬರೆದಿದ್ದ ಕೊಕ್ಕರೆ ಬಿಸಿಲಿಗೆ ಬಿಳಿಚಿಕೊಂಡಿದೆ.
ಒಂದು ಕಾಲಿನ ಬಣ್ಣ ಸುಲಿದು
ಈಗ ಒಂಟಿಕಾಲಲ್ಲಿ ನಿಂತಿದೆ,
ನಿಜವಾದ ಕೊಕ್ಕರೆ ನಿಲ್ಲುವ ಹಾಗೆಯೇ.
ಮೀನಿಗೋ, ತೀರ್ಪಿಗೋ.

ವಿಚಾರಣೆ ಮತ್ತೆ ಮುಂದೆ ಹೋಗಿದೆ. ಅದೂ ಸೋಮವಾರವೇ.
ಬರಲೋ ಬೇಡವೋ ಅಂತ ಬೋರಲಿಂಗ ಕೇಳಿದ್ದ.
ಬಾ ಅಂದಿದ್ದೆ.
ಇವತ್ತು ಬಂದಿದ್ದಾನೆ, ದುಡ್ಡೂ ಕೇಳದೆ ಹಗ್ಗ ಕಟ್ಟಿದ್ದಾನೆ.
ರಾತ್ರಿ ಬೆಟ್ಟದ ಕಡೆಯಿಂದ ಮಳೆ ಬಂದು
ಗೀಟು ತೊಳೆದುಹೋಗಿದೆ. ಎಷ್ಟನೇ ಸುತ್ತೋ, ಲೆಕ್ಕ ತಪ್ಪಿತು.
ಟೈರು ಮುಟ್ಟಿದೆ. ಬೆಚ್ಚಗಿದೆ.
ಬಿಸಿಲಿಗೆ ಇರಬೇಕು.

ಎಲ್ಲೀಗಂಟ ಎಳೀಲಿ? ಕೂಗುತ್ತಾನೆ.
ಜೇಬಿನಲ್ಲಿ ಸೀಮೆಸುಣ್ಣ ಹುಡುಕುತ್ತಿದ್ದೇನೆ.